ಕಮಾಂಡಿಗೊಂದು ಬಾಲ

ಜಯಲಕ್ಷ್ಮಿ ನಡೆಯುವುದನ್ನು ನೀವು ಒಮ್ಮೆ ನೋಡಬೇಕು. ವಯಸ್ಸು ಐವತ್ತಮೂರು, ಕೊಂಚ ದಪ್ಪ ಮೈ, ಹೆಗಲಿಗೊಂದು ಬಟ್ಟೆಯ ಚೀಲ. ಆದರೆ ಮಧ್ಯಾಹ್ನ ಹನ್ನೆರಡೂವರೆಗೆ ಕೀಲ್ಪಾಕ್ ಬಡಾವಣೆಯ ಒಂದು ಖಾಸಗಿ ಆಸ್ಪತ್ರೆಯ ಹಿಂಬಾಗಿಲಿನಿಂದ ಹೊರಟಳೆಂದರೆ ಆಟೋದವರೂ ಬ್ರೇಕು ಹಾಕಿ ದಾರಿ ಬಿಡುತ್ತಾರೆ. ಹತ್ತು ನಿಮಿಷದಲ್ಲಿ ಮನೆ. ಬಂದವಳೇ ಮೈಮೇಲೆ ನಾಲ್ಕು ಚೊಂಬು ನೀರು ಸುರಿದುಕೊಂಡು, ಗಳದ ಮೇಲಿನ ಮಡಿಸೀರೆ ಸುತ್ತಿಕೊಂಡು, ಒಲೆಯ ಮೇಲೆ ಅನ್ನಕ್ಕಿಡುತ್ತಾಳೆ. ಒಂದೂಕಾಲಿಗೆ ಅತ್ತೆ ಜಾನಕಮ್ಮನವರ ಮುಂದೆ ಹಬೆಯಾಡುವ ಅನ್ನ ಇರಬೇಕು. ಒಂದೂ ನಲವತ್ತಕ್ಕೆ ಅವಳು ಮತ್ತೆ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿರಬೇಕು. ಇದು ಆರು ವರ್ಷದಿಂದ ನಡೆದಿರುವ ಓಟ. ಒಂದು ದಿನವೂ ತಪ್ಪಿದ್ದಿಲ್ಲ.

ಯಾಕಪ್ಪಾ ಈ ಫಜೀತಿ, ಬೆಳಿಗ್ಗೆಯೇ ಮಾಡಿಟ್ಟು ಹೋಗಬಾರದೆ ಎಂದು ನೀವು ಕೇಳಬಹುದು. ಕೇಳಿದರೆ ಜಾನಕಮ್ಮನವರು ಉತ್ತರವನ್ನೂ ಕೊಡುವುದಿಲ್ಲ, ಸುಮ್ಮನೆ ನಿಮ್ಮನ್ನೊಮ್ಮೆ ನೋಡುತ್ತಾರೆ. ಆ ನೋಟ ಸಾಕು. ಎಂಬತ್ತನಾಲ್ಕರ ಮುದುಕಿ. ತಿರುವಲ್ಲಿಕ್ಕೇಣಿ ಮೂಲದ ಮಾಧ್ವರ ಮನೆಗೆ ಹದಿನೆಂಟಕ್ಕೆ ಸೊಸೆಯಾಗಿ ಬಂದವರು. ಬಂದಂದಿನಿಂದ ಮಡಿಯಲ್ಲಿ ಬೆಂದದ್ದನ್ನಲ್ಲದೆ ಬೇರೆ ಬಾಯಿಗಿಟ್ಟವರಲ್ಲ. ಬೆಳಗಿನ ಅನ್ನ ಮಧ್ಯಾಹ್ನಕ್ಕೆ ಅವರ ಲೆಕ್ಕದಲ್ಲಿ ಹಳಸಲು. ಮಂಡಿ ಗಟ್ಟಿಯಿರುವವರೆಗೆ ತಾವೇ ಮಾಡಿಕೊಂಡರು. ಈಗ ಒಲೆಯ ಮುಂದೆ ಎರಡು ನಿಮಿಷ ನಿಲ್ಲಲಾರರು. ಮಗ ಪಂಢರಿನಾಥ ಪ್ಯಾರೀಸ್ ಕಾರ್ನರಿನ ಒಂದು ಕಾಗದದ ಸಗಟು ಅಂಗಡಿಯಲ್ಲಿ ಮ್ಯಾನೇಜರು. ಬೆಳಿಗ್ಗೆ ಹೋದರೆ ದೀಪ ಹಚ್ಚಿದ ಮೇಲೆಯೇ ಬರುವುದು. ಮನೆಯಲ್ಲಿದ್ದರೂ ಆತನಿಗೆ ನೀರು ಕಾಯಿಸುವುದಕ್ಕಿಂತ ಹೆಚ್ಚಿನದೇನೂ ಬರುವುದಿಲ್ಲ, ಪಾಪ. ಹೀಗಾಗಿ ಜಾನಕಮ್ಮನವರ ಮಧ್ಯಾಹ್ನದ ಊಟ ಎಂದರೆ ಜಯಲಕ್ಷ್ಮಿ.

ಆ ರೆಕಾರ್ಡ್ ರೂಮಿನಲ್ಲಿ ಅವಳಿಗೆ ಇಪ್ಪತ್ತೇಳು ವರ್ಷದ ಸರ್ವೀಸು. ರೋಗಿಯ ಹೆಸರು ಹೇಳಿದರೆ ಸಾಕು, ಯಾವ ಬೀರು, ಯಾವ ಹಲಗೆ, ಕಟ್ಟಿನಲ್ಲಿ ಮೇಲಿಂದ ಎಷ್ಟನೆಯದು ಎಂದು ಹೇಳಿಬಿಡುತ್ತಿದ್ದಳು. ಓದಿದ್ದು ತಮಿಳು ಮೀಡಿಯಮ್ಮು, ಮನೆಯಲ್ಲಿ ಕನ್ನಡ, ಕಡತದಲ್ಲಿ ಇಂಗ್ಲಿಷು. ಮೂರನ್ನೂ ಒಟ್ಟಿಗೆ ಕಲಸಿ ಮಾತಾಡುತ್ತಾಳೆ, ಮೂರೂ ಅವಳ ಬಾಯಲ್ಲಿ ಚೆನ್ನಾಗಿಯೇ ಕೇಳುತ್ತವೆ. ಕೆಲಸವೆಂದರೆ ಅವಳಿಗೆ ಪ್ರಾಣ. ಮದುವೆಯಾಗಿ ಬಂದಾಗ ಹೆದರಿ ಹೆದರಿ ಸೇರಿದ ಕೆಲಸ, ಈಗ ಅವಳ ನಡಿಗೆಗೇ ಒಂದು ಗತ್ತು ಕೊಟ್ಟಿತ್ತು.

ಹೀಗಿರುವಾಗ ಜೂನ್ ತಿಂಗಳಲ್ಲಿ ಒಂದು ನೋಟೀಸು ಬಂತು. ಕಾಗದದ ಕಡತಗಳೆಲ್ಲ ಇನ್ನು ಕೀಲ್ಪಾಕಿನಲ್ಲಿರುವುದಿಲ್ಲ, ತಿರುವೊಟ್ಟಿಯೂರಿನಲ್ಲಿ ಬಾಡಿಗೆಗೆ ಹಿಡಿದ ಗೋಡೌನಿಗೆ ಹೋಗುತ್ತವೆ. ಅವುಗಳ ಜೊತೆ ರೆಕಾರ್ಡ್ ರೂಮಿನ ಐವರಲ್ಲಿ ನಾಲ್ವರೂ ಹೋಗಬೇಕು. ಕೀಲ್ಪಾಕಿನಲ್ಲಿ ಉಳಿಯುವುದು ಒಂದೇ ಸೀಟು, ಕಂಪ್ಯೂಟರ್ ಆಪರೇಟರಿನದು. ತಿಂಗಳ ಕಾಲ ಎಲ್ಲರಿಗೂ ಟ್ರೈನಿಂಗ್ ಕೊಡುತ್ತಾರೆ, ಆಮೇಲೆ ನಿಜವಾದ ಕೆಲಸವನ್ನೇ ಕೊಟ್ಟು ಪರೀಕ್ಷೆ ಮಾಡುತ್ತಾರೆ, ಗೆದ್ದವರಿಗೆ ಆ ಸೀಟು.

ತಿರುವೊಟ್ಟಿಯೂರು ಎಂದರೆ ಊರಿನ ಬಡಗಣ ತುದಿ. ಬೆಳಿಗ್ಗೆ ಏಳಕ್ಕೆ ಬಿಟ್ಟರೆ ಲಾರಿಗಳ ನಡುವೆ ತೆವಳಿಕೊಂಡು ಹೋಗಿ ಸಂಜೆ ಏಳಕ್ಕೆ ವಾಪಸು. ಮಧ್ಯಾಹ್ನ ಮನೆಗೆ ಬರುವ ಮಾತೇ ಇಲ್ಲ. ಜಯಲಕ್ಷ್ಮಿ ಆ ನೋಟೀಸನ್ನು ಎರಡು ಸಲ ಓದಿ, ಸೀಟು ಸಿಗದಿದ್ದರೆ ಕೆಲಸಕ್ಕೆ ರಾಜೀನಾಮೆ ಕೊಟ್ಟುಬಿಡುವುದು ಎಂದು ಅಲ್ಲೇ ತೀರ್ಮಾನಿಸಿದಳು. ಅತ್ತೆಯನ್ನು ಉಪವಾಸ ಕೆಡವಿ ದುಡಿಯುವುದು ಅವಳಿಂದ ಆಗದ ಮಾತು. ಇದನ್ನು ಗಂಡನಿಗೂ ಹೇಳಲಿಲ್ಲ, ಅತ್ತೆಗಂತೂ ಹೇಳಲೇ ಇಲ್ಲ. ಟ್ರೈನಿಂಗ್ ಇದೆ, ಕಲಿತರೆ ಇಲ್ಲೇ ಸೀಟು, ಇಲ್ಲದಿದ್ದರೆ ತಿರುವೊಟ್ಟಿಯೂರು ಎಂದಷ್ಟು ಹೇಳಿ ಸುಮ್ಮನಾದಳು.

ಟ್ರೈನಿಂಗ್ ಕೊಡಲು ಬಂದವನು ತಿರುಮಲ. ನಲವತ್ತರ ಸಿಡುಕ, ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಟೇಬಲ್ಲಿನ ಮೇಲೆಲ್ಲ ಹುಡುಕುವವನು. ಅವನು ತೋರಿಸಿದ ಯಂತ್ರ ನೋಡಿ ಐವರಿಗೂ ನಿರಾಶೆ. ಮೌಸಿಲ್ಲ, ಬಣ್ಣವಿಲ್ಲ, ಒತ್ತಲು ಚಿತ್ರಗಳಿಲ್ಲ. ಕಪ್ಪು ಪರದೆ, ಮೂಲೆಯಲ್ಲಿ ಮಿಟುಕುವ ಒಂದು ಗೆರೆ, ಅಷ್ಟೆ. ಆಸ್ಪತ್ರೆಯ ಅಸಲು ದಾಖಲೆಯೆಲ್ಲ ಇಪ್ಪತ್ತು ವರ್ಷದಿಂದ ಇದರ ಹೊಟ್ಟೆಯಲ್ಲೇ ಇದೆ, ಒಂದು ದಿನವೂ ಕೈ ಕೊಟ್ಟಿಲ್ಲ, ಇದಕ್ಕೆ ಬರೆದು ಹೇಳಬೇಕು, ಹೇಳಿದಷ್ಟನ್ನೇ ಮಾಡುತ್ತದೆ ಎಂದು ತಿರುಮಲ ಹೆಮ್ಮೆಯಿಂದ ಹೇಳಿದ.

ಮೊದಲ ವಾರ ಸುಲಭವಾಗಿಯೇ ಇತ್ತು. 'ಪ್ರಿಂಟ್' ಎಂದು ಬರೆದು ವಾರ್ಡಿನ ಹೆಸರು ಹಾಕಿದರೆ ಆ ವಾರ್ಡಿನ ದಾಖಲೆಯೆಲ್ಲ ಅಚ್ಚಾಗುತ್ತದೆ. 'ಮೂವ್' ಎಂದರೆ ಆ ದಾಖಲೆ ಎದ್ದು ಹಳೆಯ ದಾಖಲೆಗಳ ಉಗ್ರಾಣಕ್ಕೆ ಹೋಗುತ್ತದೆ. ಇವು ಕಮಾಂಡುಗಳು. ಎರಡನೆಯ ವಾರ ತಿರುಮಲ ಸಬ್‌ಕಮಾಂಡ್ ಎಂಬುದನ್ನು ತೆಗೆದ ನೋಡಿ, ಅಲ್ಲಿಗೆ ಉಳಿದ ನಾಲ್ವರ ಮುಖ ಬಾಡಿತು. ಒಂದು ಕಮಾಂಡಿನ ಹಿಂದೆ ಇನ್ನೊಂದು ಮಾತು ಬಾಲದ ಹಾಗೆ ಸೇರಿಸಬೇಕಂತೆ. 'ಓನ್ಲಿ' ಸೇರಿಸಿದರೆ ಹೇಳಿದವರದ್ದು ಮಾತ್ರ, 'ಎಕ್ಸೆಪ್ಟ್' ಸೇರಿಸಿದರೆ ಹೇಳಿದವರನ್ನು ಬಿಟ್ಟು ಮಿಕ್ಕವರದ್ದು, 'ಸಿನ್ಸ್' ಸೇರಿಸಿದರೆ ಇಂಥ ಗಂಟೆಯಿಂದ ಈಚಿನದ್ದು. 'ಶೋ' ಎಂದು ಸೇರಿಸಿದರಂತೂ ಯಂತ್ರ ಏನನ್ನೂ ಮಾಡದೆ, ಮಾಡಿದ್ದರೆ ಏನಾಗುತ್ತಿತ್ತು ಎಂದು ಮಾತ್ರ ತೋರಿಸುತ್ತದೆ. ಕಮಾಂಡು ಒಂದೇ, ಬಾಲ ಬದಲಾದರೆ ಕೆಲಸವೇ ಬೇರೆ. ಅದು ಹೇಗೆ ಬೇರೆಯಾಗುತ್ತದೆ, ಆಗ ಕಮಾಂಡನ್ನೇ ಬೇರೆ ಕೊಡಬಾರದೆ ಎಂದು ಒಬ್ಬರು ಕೇಳಿದರು. ತಿರುಮಲ ಕನ್ನಡಕ ಹುಡುಕತೊಡಗಿದ.

ಜಯಲಕ್ಷ್ಮಿ ಮಾತ್ರ ಕುಳಿತಲ್ಲೇ ನಕ್ಕುಬಿಟ್ಟಳು. ಅವಳಿಗೆ ಇದೆಲ್ಲ ಮದುವೆಯಾದ ವರ್ಷವೇ ಪಾಠವಾಗಿತ್ತು. ಅವರ ಮನೆಯಲ್ಲಿ ಆಷಾಢದ ಏಕಾದಶಿ ಕಳೆದರೆ ನಾಲ್ಕು ತಿಂಗಳು ಚಾತುರ್ಮಾಸ್ಯ. ಮೊದಲ ತಿಂಗಳು ಶಾಕವ್ರತ, ತರಕಾರಿ ಮುಟ್ಟುವಂತಿಲ್ಲ, ಹುಣಿಸೆ ಮೆಣಸಿನಕಾಯಿಯೂ ಇಲ್ಲ. ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ಅತ್ತೆ ವರ್ಷವಿಡೀ ಕೊಡುವ ಅಪ್ಪಣೆ ಒಂದೇ, ಅಡುಗೆ ಮಾಡು ಎಂದು. ಆದರೆ ಯಾವ ವ್ರತ ನಡೆದಿದೆ ಎಂಬುದರ ಮೇಲೆ ಅದೇ ಸಾರು ಟೊಮೇಟೊ ಬಿಟ್ಟು ಮೆಣಸು ಜೀರಿಗೆಯ ಸಾರಾಗುತ್ತದೆ, ಅದೇ ಹುಳಿ ಹುಣಿಸೆ ಬಿಟ್ಟು ಮಾವಿನಕಾಯಿಯ ಪುಡಿ ಹಾಕಿಸಿಕೊಳ್ಳುತ್ತದೆ. ಅಪ್ಪಣೆ ಬದಲಾಗಲಿಲ್ಲ, ಬಾಲ ಬದಲಾಯಿತು. ಇಷ್ಟಕ್ಕೇ ಇಷ್ಟು ಗಾಬರಿಯೇ ಎನ್ನಿಸಿತು ಅವಳಿಗೆ.

ಅಲ್ಲಿಂದ ಮುಂದೆ ಅವಳನ್ನು ಹಿಡಿಯುವವರಿಲ್ಲ. ಗಂಡ ಅಂಗಡಿಯಿಂದ ತಂದುಕೊಟ್ಟ ದಪ್ಪ ನೋಟ್‌ಬುಕ್ಕಿನಲ್ಲಿ ಎಕ್ಸೆಪ್ಟ್ ಎಂದರೆ ಶಾಕವ್ರತ, ಶೋ ಎಂದರೆ ನೈವೇದ್ಯಕ್ಕೆ ಮುಂಚೆ ರುಚಿ ನೋಡದೆ ವಾಸನೆಯಲ್ಲೇ ಉಪ್ಪಿನ ಹದ ಹಿಡಿಯುವುದು ಎಂದೆಲ್ಲ ಬರೆದುಕೊಂಡಳು. ಅನ್ನ ಬೇಯುವಷ್ಟು ಹೊತ್ತು ಸೌಟು ಹಿಡಿದುಕೊಂಡೇ ಬಾಯಿಪಾಠ ಮಾಡುತ್ತಿದ್ದಳು. ಹೊಸ್ತಿಲ ಬಳಿ ಕುರ್ಚಿಯಲ್ಲಿ ಕೂತ ಜಾನಕಮ್ಮನವರು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು, ಒಂದು ದಿನ ಏನದು ನಿನ್ನ ಮಂತ್ರ ಎಂದು ಕೇಳಿಯೂ ಕೇಳಿದರು. ಸೊಸೆ ವಿವರಿಸಿದಾಗ, ಆ ಯಂತ್ರಕ್ಕೆ ನಮ್ಮ ಮನೆಯ ಸಂಪ್ರದಾಯ ಯಾರು ಹೇಳಿಕೊಟ್ಟರೋ ಎಂದು ಮುಸಿಮುಸಿ ನಕ್ಕರು.

ಪರೀಕ್ಷೆಯ ದಿನ ಬಂತು. ಶಾಕವ್ರತ ಶುರುವಾಗಿ ಎರಡು ವಾರವಾಗಿತ್ತು. ಕೆಲಸ ಇಷ್ಟು: ನಾಲ್ಕು ವಾರ್ಡುಗಳ ದಾಖಲೆಯನ್ನೆಲ್ಲ ಉಗ್ರಾಣಕ್ಕೆ ಸಾಗಿಸಬೇಕು, ಆದರೆ ಈಗ ಹಾಸಿಗೆಯಲ್ಲಿ ಮಲಗಿರುವ ರೋಗಿಗಳ ದಾಖಲೆ ಮಾತ್ರ ಅಲ್ಲೇ ಇರಬೇಕು. ನರ್ಸುಗಳು ಯಾವ ಔಷಧಿ, ಎಷ್ಟು ಹೊತ್ತಿಗೆ ಎಂದು ನೋಡುವುದೇ ಅದರಲ್ಲಿ. ಉಳಿದ ನಾಲ್ವರಲ್ಲಿ ಮೂವರು ಆಗದೆಂದು ಮುಂಚೆಯೇ ಕೈಯೆತ್ತಿದ್ದರು. ನಾಲ್ಕನೆಯವರು ಹಿಂದಿನ ದಿನ ಪ್ರಯತ್ನಿಸಿ, ಮೂವ್ ಬದಲು ಪ್ರಿಂಟ್ ಹೊಡೆದು ಒಂದು ರೀಮು ಕಾಗದ ಮುಗಿಸಿದ್ದರು. ಇನ್ನುಳಿದವಳು ಜಯಲಕ್ಷ್ಮಿ.

ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅವಳು ಕೂತಳು. ಸರ್ಜರಿ ವಾರ್ಡು. ಮೂವ್ ಎಂದು ಬರೆದಳು, ಎಕ್ಸೆಪ್ಟ್ ಎಂಬ ಬಾಲ ಸೇರಿಸಿ, ಹಾಸಿಗೆಯಲ್ಲಿರುವವರು ಎಂಬ ಗುರುತು ಹಾಕಿದಳು. ಸರಸರನೆ ಹಳೆಯದೆಲ್ಲ ಹೋಯಿತು, ಮಲಗಿದ್ದವರು ಉಳಿದರು. ನೀರು ಕುಡಿದಷ್ಟು ಸುಲಭದ ಕೆಲಸ. ತಿರುಮಲ ತಲೆದೂಗಿ ಕಾಫಿಗೆ ಹೋದ. ಜಯಲಕ್ಷ್ಮಿ ಅದೇ ಉತ್ಸಾಹದಲ್ಲಿ ಹೆರಿಗೆ ವಾರ್ಡು, ಮೂಳೆ ವಾರ್ಡು, ಮಕ್ಕಳ ವಾರ್ಡು ಎಂದು ಒಂದಾದ ಮೇಲೊಂದು ಮೂವ್ ಹೊಡೆದು, ಹತ್ತು ನಲವತ್ತಕ್ಕೆಲ್ಲ ಮುಗಿಸಿ ಕೈ ಝಾಡಿಸಿಕೊಂಡಳು.

ಐದು ನಿಮಿಷಕ್ಕೆ ಫೋನು ಹೊಡೆದುಕೊಂಡಿತು. ಹೆರಿಗೆ ವಾರ್ಡಿನ ನರ್ಸು. ಪರದೆಯ ಮೇಲೆ ಒಬ್ಬ ಬಾಣಂತಿಯೂ ಇಲ್ಲ, ಕೂಸುಗಳಿವೆ, ತೊಟ್ಟಿಲುಗಳಿವೆ, ದಾಖಲೆ ಮಾತ್ರ ಇಲ್ಲ. ಅದನ್ನಿಡುವಷ್ಟರಲ್ಲಿ ಮೂಳೆ ವಾರ್ಡು. ಅದರ ಹಿಂದೆಯೇ ಮಕ್ಕಳ ವಾರ್ಡು. ನೂರ ಅರವತ್ತೆರಡು ಜನ ಹಾಸಿಗೆಯ ಮೇಲೆ ಇದ್ದಂತೆಯೇ ಆಸ್ಪತ್ರೆಯ ದಾಖಲೆಯಿಂದ ಮಾಯವಾಗಿದ್ದರು.

ಜಯಲಕ್ಷ್ಮಿ ಕುರ್ಚಿ ಮುಂದಕ್ಕೆಳೆದುಕೊಂಡು ಕೂತಳು. ತಾನು ಹೊಡೆದದ್ದನ್ನೆಲ್ಲ ಪರದೆಯ ಮೇಲೆ ಹಿಂದಕ್ಕೆ ಸರಿಸಿ ನೋಡಿದಳು. ಮೊದಲನೆಯ ಮೂವ್‌ಗೆ ಬಾಲವಿತ್ತು. ಮಿಕ್ಕ ಮೂರೂ ಬೋಳು. ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಅವರ ಮನೆಯಲ್ಲಿ ವ್ರತದ ಸಂಕಲ್ಪವನ್ನು ಒಂದು ಸಲ ಮಾಡಿದರೆ ಆಯಿತು, ತಿಂಗಳು ತುಂಬುವವರೆಗೆ ಅದು ಎಲ್ಲ ಅಡುಗೆಗೂ ಅನ್ವಯ. ಸಾರಿಗೊಮ್ಮೆ, ತೊವ್ವೆಗೊಮ್ಮೆ ಯಾರೂ ಹೇಳುತ್ತ ಕೂರುವುದಿಲ್ಲ. ಸರ್ಜರಿ ವಾರ್ಡಿಗೆ ಎಕ್ಸೆಪ್ಟ್ ಎಂದು ಹೇಳಿಯಾಗಿದೆ, ಇನ್ನು ಅದು ನಡೆದಿದೆ ಎಂದೇ ಅವಳು ನಂಬಿದ್ದಳು. ಯಂತ್ರಕ್ಕೆ ಸಂಕಲ್ಪವೆಲ್ಲಿಯದು? ಒಂದು ಕಮಾಂಡು ಮುಗಿದರೆ ಅದರ ಬಾಲವೂ ಮುಗಿಯಿತು, ಮುಂದಿನದಕ್ಕೆ ಮತ್ತೆ ಮೊದಲಿಂದ ಹೇಳಬೇಕು.

ತಿರುಮಲ ಕಾಫಿ ಬಿಟ್ಟು ಓಡಿ ಬಂದ. ಸೂಪರಿಂಟೆಂಡೆಂಟ್ ಡಾಕ್ಟರಮ್ಮನೂ ಬಂದರು, ಮಾತು ಕಡಿಮೆ, ಮುಖ ಗಂಟು. ನಿನ್ನೆ ಸಂಜೆ ತೆಗೆದಿಟ್ಟ ನಕಲನ್ನು ಮತ್ತೆ ಹಾಕಿಬಿಡುವುದೊಂದೇ ದಾರಿ ಎಂದ ತಿರುಮಲ. ಹಾಗೆ ಮಾಡಿದರೆ ಇವತ್ತು ಬೆಳಗಿನಿಂದ ನರ್ಸುಗಳು ಬರೆದದ್ದೆಲ್ಲ ಅಳಿಸಿಹೋಗುತ್ತದೆ, ಕೊಟ್ಟ ಔಷಧಿ, ನೋಡಿದ ಜ್ವರ, ಬೆಳಿಗ್ಗೆ ಹುಟ್ಟಿದ ಎರಡು ಮಕ್ಕಳ ತೂಕ ಎಲ್ಲ. ಡಾಕ್ಟರಮ್ಮ ಹಲ್ಲು ಕಚ್ಚಿ ಸರಿ ಎನ್ನುವುದರಲ್ಲಿದ್ದರು. ಜಯಲಕ್ಷ್ಮಿಗೆ ಸೀಟು ಹೋಯಿತೆಂದು ಖಾತ್ರಿಯಾಗಿತ್ತು. ಹೋಗುವುದು ಹೋಯಿತು, ಹೋಗುವಾಗ ಇಷ್ಟು ದೊಡ್ಡ ಕೊಳೆ ಬಿಟ್ಟು ಹೋಗಲಾರೆ ಎಂಬ ಹಟ ಎಲ್ಲಿಂದಲೋ ಬಂತು.

"ಅರ್ಧ ಗಂಟೆ ಕೊಡಿ ಮೇಡಂ," ಎಂದಳು. "ಚೆಲ್ಲಿದವಳು ನಾನು, ಬಳಿಯೋಳೂ ನಾನೇ ಆಗ್ತೀನಿ."

ಡಾಕ್ಟರಮ್ಮ ಗಡಿಯಾರ ನೋಡಿ ಅಲ್ಲೇ ಕುರ್ಚಿ ಎಳೆದು ಕೂತರು. ವಾರ್ಡುಗಳಿಗೆ ಫೋನು ಮಾಡಿ, ಅಷ್ಟು ಹೊತ್ತು ಕಾಗದದ ಚಾರ್ಟು ನೋಡಿಕೊಂಡೇ ಕೆಲಸ ನಡೆಸಿ ಎಂದರು. ಹೊರಗೆ ಲಾರಿಗೆ ಕಡತ ತುಂಬುವ ಸದ್ದು, ಒಳಗೆ ಮೂವರ ಉಸಿರು. ಜಯಲಕ್ಷ್ಮಿ ನೋಟ್‌ಬುಕ್ಕು ತೆರೆದಳು. ಇಡೀ ಮಡಕೆ ಚೆಲ್ಲುವುದೇಕೆ, ತಪ್ಪಿ ಬಿದ್ದದ್ದನ್ನಷ್ಟೇ ಆರಿಸಿ ತೆಗೆದರಾಯಿತು. ಉಗ್ರಾಣದಿಂದ ಹೆರಿಗೆ ವಾರ್ಡಿಗೆ ಮೂವ್ ಎಂದು ಬರೆದಳು. ಹತ್ತು ಇಪ್ಪತ್ತರಿಂದ ಈಚೆಗೆ ಹೋದದ್ದು ಎನ್ನಲು ಸಿನ್ಸ್. ಅದರಲ್ಲಿ ಹಾಸಿಗೆಯಲ್ಲಿರುವವರದ್ದು ಮಾತ್ರ ಎನ್ನಲು ಓನ್ಲಿ. ಕೊನೆಗೆ, ಈ ಸಲ ಬುದ್ಧಿ ಬಂದಿತ್ತಲ್ಲ, ಶೋ. ಒಂದು ಕಮಾಂಡಿಗೆ ಮೂರು ಬಾಲ.

ಯಂತ್ರ ಒಂದು ಕ್ಷಣ ಮಿಟುಕಿತು. ಐವತ್ತೊಂದು ಹೆಸರುಗಳ ಪಟ್ಟಿ ಇಳಿದು ಬಂತು. ವಾರ್ಡಿಗೆ ಫೋನು ಮಾಡಿ ಕೇಳಿದರೆ ಅಲ್ಲಿ ಹಾಸಿಗೆಯಲ್ಲಿರುವವರೂ ಐವತ್ತೊಂದೇ. ತಿರುಮಲ ಬಗ್ಗಿ ನೋಡಿದ. ಮೂರು ಬಾಲವನ್ನು ಒಟ್ಟಿಗೆ ಸೇರಿಸಬಹುದೆಂದು ತಾನು ಹೇಳಿಕೊಟ್ಟೇ ಇರಲಿಲ್ಲ, ಇದನ್ನೆಲ್ಲಿ ಕಲಿತಿರಿ ಮಾಮಿ ಎಂದು ಕೇಳಿದ. ದ್ವಾದಶಿಯೂ ವ್ರತವೂ ಶ್ರಾದ್ಧವೂ ಒಂದೇ ದಿನ ಬಂದರೆ ಅಡುಗೆ ಮಾಡುವವಳು ಮೂರನ್ನೂ ನೆನಪಿಟ್ಟುಕೊಳ್ಳಬೇಕಲ್ಲವೇ ಎಂದಳು ಜಯಲಕ್ಷ್ಮಿ, ಕಣ್ಣು ಪರದೆಯಿಂದ ಕೀಳದೆ. ಶೋ ತೆಗೆದು ಮತ್ತೆ ಹೊಡೆದಳು. ಬಾಣಂತಿಯರು ಬಂದರು. ಮೂಳೆ ವಾರ್ಡಿಗೆ ಮತ್ತೆ ಎಲ್ಲ ಬಾಲಗಳನ್ನೂ ಮೊದಲಿಂದ ಬರೆದಳು. ಮಕ್ಕಳ ವಾರ್ಡಿಗೆ ಮತ್ತೊಮ್ಮೆ. ಒಂದಕ್ಷರ ಬಿಡಲಿಲ್ಲ. ಅರ್ಧ ಗಂಟೆಗೆ ಇನ್ನೂ ಎಂಟು ನಿಮಿಷ ಬಾಕಿಯಿರುವಾಗ ಬೆಳಗಿನ ಜ್ವರ, ಔಷಧಿ, ಎರಡು ಕೂಸುಗಳ ತೂಕದ ಸಮೇತ ನೂರ ಅರವತ್ತೆರಡು ಜನವೂ ತಂತಮ್ಮ ಜಾಗಕ್ಕೆ ವಾಪಸಾಗಿದ್ದರು. ಫೋನಿನಲ್ಲಿ ನರ್ಸು ಕೇಕೆ ಹಾಕಿದ್ದು ಕೋಣೆಗೆಲ್ಲ ಕೇಳಿಸಿತು. ಜಯಲಕ್ಷ್ಮಿಗೆ ಎದ್ದು ಕುಣಿಯಬೇಕೆನ್ನಿಸಿತು. ಮೈ ಒಪ್ಪಿದ್ದರೆ ಕುಣಿದೇ ಬಿಡುತ್ತಿದ್ದಳು.

ಆಮೇಲೆ ಅವಳು ದಿನಚರಿ ಪುಸ್ತಕದಲ್ಲಿ ತಪ್ಪು ಏನು, ಯಾರದು, ಹೇಗೆ ಸರಿಹೋಯಿತು ಎಂದು ತನ್ನ ಹೆಸರು ಹಾಕಿ ಬರೆದಳು. ಡಾಕ್ಟರಮ್ಮ ಅದನ್ನು ಓದಿದರು. ಮೊದಲ ಸಲ ಸರಿಯಾಗಿ ಮಾಡಿದವರು ಎರಡನೆಯ ಸಲ ಯಾಕೆ ಬಿಟ್ಟಿರಿ ಎಂದು ಕೇಳಿದರು. ಜಯಲಕ್ಷ್ಮಿ ಸಂಕಲ್ಪದ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಆ ಗಂಟುಮುಖ ಮೆಲ್ಲಗೆ ಸಡಿಲವಾಗಿ, ಆಕೆ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಇಪ್ಪತ್ತೇಳು ವರ್ಷದಲ್ಲಿ ಆಕೆ ನಕ್ಕಿದ್ದನ್ನು ಆಸ್ಪತ್ರೆಯಲ್ಲಿ ಯಾರೂ ನೋಡಿರಲಿಲ್ಲ. ಬಾಲ ಒಂದು ಕಮಾಂಡಿಗೆ ಮಾತ್ರ ಎಂಬುದನ್ನು ಪಾಠದ ಮೊದಲ ಸಾಲಿನಲ್ಲೇ ಹಾಕು ಎಂದು ತಿರುಮಲನಿಗೆ ಹೇಳಿ, ಎದ್ದು ನಿಂತರು.

"ತಪ್ಪು ಮಾಡೋರು ಬೇಕಾದಷ್ಟು ಜನ ಸಿಗ್ತಾರೆ. ಮಾಡಿದ್ದನ್ನ ಬರೆದಿಟ್ಟು, ಸರಿ ಮಾಡೋಕೂ ಬರೋರು ಸಿಗಲ್ಲ. ಈ ಸೀಟು ನಿಮ್ಮದು."

ಅಷ್ಟಕ್ಕೇ ಬಿಟ್ಟರೇ? ಇವತ್ತೇ ಪೂರ್ತಿ ಮುಗಿಯಲಿ ಎಂದರು. ಮೂರು ವಾರ್ಡುಗಳನ್ನೂ ಒಂದೊಂದೇ ಹೆಸರಾಗಿ ತಾಳೆ ನೋಡಿ, ಪಟ್ಟಿ ಅಚ್ಚು ಹಾಕಿಸಿ, ತಿರುಮಲನಿಂದ ಸಹಿ ಹಾಕಿಸಿ ತಲೆಯೆತ್ತಿದಾಗ ಗೋಡೆಯ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಜಯಲಕ್ಷ್ಮಿ ಚೀಲ ಎಳೆದುಕೊಂಡು ಎದ್ದಳು. ಅತ್ತೆಯ ಊಟ. ಆರು ವರ್ಷದಲ್ಲಿ ಮೊದಲ ಸಲ ಅದು ಅವಳ ನೆನಪಿನಿಂದ ಜಾರಿತ್ತು.

ಅವತ್ತಿನ ಓಟದ ಮುಂದೆ ದಿನದ ಓಟ ಏನೂ ಅಲ್ಲ. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು. ಸೀಟು ಉಳಿಸಿಕೊಂಡದ್ದು ಯಾರ ತುತ್ತಿಗಾಗಿಯೋ ಅವರನ್ನೇ ಹಸಿವೆಯಲ್ಲಿ ಕೂರಿಸಿದೆನಲ್ಲ ಎಂದು ಕಣ್ಣು ಮಂಜಾಯಿತು. ಬಾಗಿಲು ತಳ್ಳಿ, ಅತ್ತೆ ತಪ್ಪಾಯಿತು, ಈಗ ಅನ್ನಕ್ಕಿಡುತ್ತೇನೆ ಎನ್ನುತ್ತ ಒಳಗೆ ನುಗ್ಗಿದವಳು ಅಲ್ಲೇ ನಿಂತಳು. ಮನೆಯೆಲ್ಲ ತುಪ್ಪದಲ್ಲಿ ಸಿಡಿದ ಜೀರಿಗೆಯ ಘಮ. ಒಲೆಯ ಪಕ್ಕದಲ್ಲಿ ಮುಚ್ಚಿಟ್ಟ ತಪ್ಪಲೆ. ಅದರ ಮುಂದೆ, ಒದ್ದೆ ಕೂದಲಿಗೆ ಟವೆಲ್ಲು ಸುತ್ತಿಕೊಂಡು ನಿಂತಿದ್ದವಳು ಪಾವನಾ. ಮಹಡಿ ಮೇಲಿನ ಬಾಡಿಗೆ ಮನೆಯವಳು, ಮಂಡ್ಯದ ಕಡೆಯ ಹುಡುಗಿ, ಮನೆಯಲ್ಲೇ ಕೂತು ಯಾವುದೋ ಕಂಪನಿಗೆ ಕೆಲಸ ಮಾಡುತ್ತಾಳೆ. ಬಂದು ಎರಡು ವರ್ಷವಾದರೂ ಜಾನಕಮ್ಮನವರು ಅವಳನ್ನು ಅಡುಗೆಮನೆಯ ಹೊಸ್ತಿಲು ದಾಟಿಸಿಕೊಂಡಿರಲಿಲ್ಲ.

ಜಾನಕಮ್ಮನವರು ಹೊಸ್ತಿಲ ಬಳಿಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಬಾಯಿ ತೆರೆಯಲು ಹೊರಟ ಸೊಸೆಯನ್ನು ಕೈಯೆತ್ತಿ ತಡೆದರು.

"ನಾನು ಉಂಡಾಯ್ತು ಡೀ ಜಯಾ. ಎರಡಾದ್ರೂ ನೀನು ಬರಲಿಲ್ಲ, ಮಹಡಿಯಿಂದ ಇವಳನ್ನ ಕೂಗಿ ಕರೆದು ಇವಳ ಕೈಲೇ ಮಾಡಿಸ್ಕೊಂಡು ಉಂಡೆ. ಸ್ನಾನ ಮಾಡಿ ಬಾ ಅಂದೆ, ಬಂದ್ಲು. ಮಡಿಸೀರೆ ಉಡೋಕೆ ಬರಲ್ಲ ಅಂದ್ಲು, ಒಗೆದಿರೋ ಚೂಡಿದಾರ್ ಸಾಕು ಅಂದೆ. ಕಾಯಿಪಲ್ಯ ಬೇಡ, ಹುಣಿಸೆ ಬೇಡ ಅಂತ ಇಲ್ಲೇ ಕೂತು ಹೇಳ್ತಾ ಇದ್ದೆ, ಹೇಳ್ದಂಗೇ ಮಾಡಿದ್ಲು. ತೊವ್ವೆ ಚೆನ್ನಾಗೇ ಇಳೀತು. ಎಂಬತ್ತನಾಲ್ಕು ವರ್ಷದಲ್ಲಿ ಒಂದು ನಿಯಮ ಸಡಿಲ ಮಾಡಿದ್ರೆ ಪೆರುಮಾಳ್ ದೇವರು ಏನೂ ಅನ್ನಲ್ಲ."

ಮುದುಕಿ ದನಿ ತಗ್ಗಿಸಿದರು.

"ಕೆಲಸ ಬಿಡೋ ಯೋಚನೆ ಮಾಡ್ಕೊಂಡಿದೀಯ ನೀನು. ತಿಂಗಳಿಂದ ನಿನ್ನ ಮುಖ ನೋಡ್ತಾ ಇಲ್ವಾ ನಾನು? ನನ್ನ ಒಂದು ಹೊತ್ತಿನ ಸಾಪಾಡಿಗೋಸ್ಕರ ಅಷ್ಟು ವರ್ಷದ ಕೆಲಸ ಬಿಡಬೇಡ. ತಿರುವೊಟ್ಟಿಯೂರಿಗೆ ಹಾಕಿದ್ರೆ ನೆಮ್ಮದಿಯಾಗಿ ಹೋಗು."

ಜಯಲಕ್ಷ್ಮಿ ಗೋಡೆಗೊರಗಿ ನೆಲದ ಮೇಲೆ ಕೂತು ಅತ್ತುಬಿಟ್ಟಳು. ಅಳುತ್ತಲೇ ನಕ್ಕಳು. ತಿರುವೊಟ್ಟಿಯೂರಿಲ್ಲ, ಏನೂ ಇಲ್ಲ, ಕೀಲ್ಪಾಕಿನ ಸೀಟು ನಮ್ಮದೇ ಆಯಿತು ಎಂದು ಸೆರಗಿನಿಂದ ಮೂಗೊರೆಸಿಕೊಳ್ಳುತ್ತ ಹೇಳಿದಳು. ಪಾವನಾ ಚಪ್ಪಾಳೆ ತಟ್ಟಿದಳು. ಜಾನಕಮ್ಮನವರ ಮುಖವೂ ಅರಳಿತು, ಮರುಗಳಿಗೆಯಲ್ಲೇ ಪೇಚಿಗೆ ಸಿಕ್ಕಿದಂತಾಯಿತು.

"ಅಯ್ಯೋ, ನಾಳೆಗೂ ಬಾ ಅಂತ ಇವಳಿಗೆ ಹೇಳ್ಬಿಟ್ನಲ್ಲ."

ನಾಳೆಯೂ ಬರುತ್ತೇನೆ ಅಜ್ಜಿ, ನಾಳೆ ಇಬ್ಬರಿಗೂ ಸೇರಿಸಿ ಮಾಡುತ್ತೇನೆ ಎಂದಳು ಪಾವನಾ. ಜಾನಕಮ್ಮನವರು ಆಗಲಿ ಎಂದರು. ಆಮೇಲೆ ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ಎದ್ದರು, ಕುರ್ಚಿಯನ್ನು ಒಲೆಯ ಹತ್ತಿರಕ್ಕೆ ಎಳೆಸಿಕೊಂಡು ಕೂತು, ತಪ್ಪಲೆಯ ಮುಚ್ಚಳ ತೆಗೆದರು. ಕೈಕಾಲು ತೊಳೆದುಕೊಂಡು ಬಾ, ಮಡಿಗಿಡಿ ಏನೂ ಬೇಡ, ಆಸ್ಪತ್ರೆ ಸೀರೆಯಲ್ಲೇ ಕೂತುಕೋ ಎಂದು ಸೊಸೆಗೆ ಹೇಳಿದರು. ಅವತ್ತು ಜಯಲಕ್ಷ್ಮಿಗೆ ಅತ್ತೆಯೇ ಬಡಿಸಿದರು.